ಕಿರಿರಾಣಿ ಕೈತಪ್ಪಿದ ಬೇಸಿಗೆ

ಮೊನ್ನೆ ಹೊನ್ನಾಳಿಗೆ ಹೋದವನು ಕೆಮ್ಮಿಗೆಂದು ಜ್ಯೇಷ್ಠಮಧು ಕೊಳ್ಳಲು ಗ್ರಂಥಿಗೆ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಅಂಗಡಿಯ ಯಜಮಾನ ಕಲ್ಲಿನ ಮೇಲೆ ಎಂಥದೋ ಹಳದಿ ಗಟ್ಟಿಯನ್ನು ಕೊಬ್ಬರಿ ಎಣ್ಣೆ ಬಿಟ್ಟು ತೇಯುತ್ತಿದ್ದ. ವಾಸನೆ ಮೂಗಿಗೆ ಬಡಿಯಿತು ನೋಡಿ, ಏನೆಂದು ಕೇಳಬೇಕಾಗಲೇ ಇಲ್ಲ. ಅರದಾಳ. ಬಯಲಾಟದವರು ಮುಖಕ್ಕೆ ಬಳಿದುಕೊಳ್ಳುವ ಬಣ್ಣ. ಯಾವುದೋ ಹಳ್ಳಿಯವರು ಆಟಕ್ಕೆ ಬೇಕೆಂದು ಹೇಳಿಹೋಗಿದ್ದರಂತೆ. ಇಂಥ ಹಳೆಯ ವಾಸನೆಗೆ ಕಣ್ಣು ಮಂಜಾಗುತ್ತದೆ, ಗಂಟಲು ಕಟ್ಟುತ್ತದೆ ಎಂದು ಬರೆಯುವವರು ಬರೆಯುತ್ತಾರೆ. ನನಗೆ ಹೊಟ್ಟೆ ಉರಿಯಿತು. ಹಲ್ಲೆಲ್ಲ ಉದುರಿರುವ ಈ ವಯಸ್ಸಿನಲ್ಲಿ, ಎಂದೋ ಒಂದು ಬೇಸಿಗೆ ನಮ್ಮೂರಿಗೆ ಅರಳೆ ಹಿಂಜಲು ಬಂದಿದ್ದ ಪಿಂಜಾರರ ಇಮಾಮನ ಮೇಲೆ!

ಆಗ ಯುದ್ಧದ ಕಾಲ. ಜಗಳೂರಿನ ಕಡೆಯ ನಮ್ಮ ಹಳ್ಳಿಗೆ ಯುದ್ಧ ಎಂದರೆ ಸೀಮೆಎಣ್ಣೆ ಸಿಗದಿರುವುದು, ಅಷ್ಟೇ. ಉಳಿದಂತೆ ಬೇಸಿಗೆ ಪ್ರತಿವರ್ಷದ ಹಾಗೆಯೇ ಇತ್ತು. ಯುಗಾದಿ ಕಳೆದು ಕೆರೆ ಬತ್ತಿತೆಂದರೆ ಮನೆಗೊಂದು ಗಾಡಿ ಕೆರೆಯಂಗಳಕ್ಕೆ ಇಳಿಯುತ್ತಿತ್ತು. ತಳದ ಕರಿ ಗೋಡನ್ನು ಅಗೆದು ತುಂಬಿ ಹೊಲಕ್ಕೆ ಹೊಡೆಯುವುದು ಹಗಲಿನ ಕೆಲಸ. ಆ ಮಣ್ಣು ಬಿದ್ದ ಹೊಲದಲ್ಲಿ ಜೋಳ ಆಳೆತ್ತರ ಬರುತ್ತಿತ್ತು. ಹೊತ್ತು ಇಳಿದ ಮೇಲೆ ಮೈತೊಳೆದುಕೊಂಡು ಗೌಡರ ಕಣದಲ್ಲಿ ಬಯಲಾಟದ ತಾಲೀಮು. ಗೋಡು ಹೊಡೆದು ಮುಗಿದ ಮೇಲೆ, ಮುಂಗಾರು ಬೀಳುವ ಮೊದಲು ಆಟ. ಇದಕ್ಕೊಂದು ಕಟ್ಟಳೆಯೂ ಇತ್ತು: ಕೆರೆಗಿಳಿದು ಗೋಡು ಹೊರದವನಿಗೆ ಪಾತ್ರವಿಲ್ಲ. ಗೌಡರ ಮಗನೇ ಆಗಲಿ, ಕೈಗೆ ಕೆಸರು ತಾಗದವನು ಮುಖಕ್ಕೆ ಬಣ್ಣ ಹಚ್ಚುವಂತಿರಲಿಲ್ಲ.

ನಾನು ನಮ್ಮೂರಿನ ಕಿರಿರಾಣಿ. ನಗಬೇಡಿ. ಆಟವನ್ನು ಕಟ್ಟಿ ಕಲಿಸುತ್ತಿದ್ದವರು ಬಸವಾಪಟ್ಟಣದ ಕಡೆಯಿಂದ ಬರುತ್ತಿದ್ದ ಕೊಟ್ರಬಸಯ್ಯ ಮೇಷ್ಟ್ರು. ಅವರು ಯಾವ ಕಥೆ ಕಟ್ಟಿದರೂ ಅದರಲ್ಲಿ ರಾಜನಿಗೆ ಇಬ್ಬರು ಹೆಂಡಿರು ಇರುತ್ತಿದ್ದರು. ಹಿರಿಯವಳು ಹೊಟ್ಟೆಕಿಚ್ಚಿನವಳು, ಕಿರಿಯವಳು ಸುಮ್ಮನೆ ಅಳುತ್ತಾ ಕಾಡಿಗೆ ಹೋಗುವವಳು. ಆಟ ನೋಡಲು ಬಂದವರೆಲ್ಲ ಬರುತ್ತಿದ್ದದ್ದು ಕಿರಿಯವಳು ಕಾಡಿಗೆ ಹೊರಡುವಾಗ ಹಾಡುವ ಪದಕ್ಕೆ. ಆ ಪದ ವರ್ಷಾನುಗಟ್ಟಲೆ ನನ್ನದಾಗಿತ್ತು. ಅದಕ್ಕಾಗಿ ನಾನು ಮೀಸೆ ಬಿಟ್ಟವನಲ್ಲ. ಅಪ್ಪ ಬದುಕಿರುವಾಗ ಮೀಸೆ ಬೋಳಿಸಿದವನೆಂದು ನೆಂಟರಿಷ್ಟರು ಮುಖ ಸಿಂಡರಿಸುತ್ತಿದ್ದರು. ಸಂತೆಯಲ್ಲಿ ಕಂಡವರು "ಏನೇ ರಾಣೀ, ರಾಜ ಎಲ್ಲಿ?" ಎಂದು ಕಾಡುತ್ತಿದ್ದರು. ಅಪ್ಪನಂತೂ ಊಟಕ್ಕೆ ಕೂತಾಗ ನನ್ನ ಕಡೆ ತಿರುಗುತ್ತಲೇ ಇರಲಿಲ್ಲ. ಇಷ್ಟನ್ನೆಲ್ಲ ನಾನು ನುಂಗಿಕೊಂಡಿದ್ದು ಆ ಒಂದು ಪದಕ್ಕೆ.

ನನ್ನ ಹೆಂಡತಿ ಹಾಲಮ್ಮ ಸಂತೇಬೆನ್ನೂರಿನವಳು. ಅವಳ ತವರಿನವರು ಮದುವೆಯಲ್ಲಿ ಕೊಟ್ಟ ಬೆಳ್ಳಿಯ ಡಾಬು ನಮ್ಮೂರಿಗೆಲ್ಲ ಒಂದೇ. ಆಟದ ದಿನ ಊರಿನ ಹೆಂಗಸರು ತಮ್ಮ ತಮ್ಮ ಒಡವೆ ತಂದು ಪಾತ್ರದವರಿಗೆ ತಮ್ಮ ಕೈಯಾರೆ ತೊಡಿಸುವುದು ವಾಡಿಕೆ. ಕಿರಿರಾಣಿಗೆ ಡಾಬು ಕಟ್ಟುತ್ತಿದ್ದವಳು ಹಾಲಮ್ಮ. ನನ್ನ ಸೊಂಟಕ್ಕೆ ಅದನ್ನು ಬಿಗಿಯುವಾಗ ಪ್ರತಿವರ್ಷವೂ ಒಂದೇ ಮಾತು: "ಉಸಿರು ಒಳಗೆ ಎಳಕಳ್ರಿ. ಹೋದ ವರ್ಷಕ್ಕಿಂತ ದಪ್ಪ ಆಗೀರಿ." ನಾನು ಎಳೆದುಕೊಳ್ಳುತ್ತಿದ್ದೆ.

ಆ ವರ್ಷ ಗೌಡರ ಮಗಳ ಮದುವೆಗೆ ಗಾದಿ, ದಿಂಬು ಆಗಬೇಕೆಂದು ನ್ಯಾಮತಿಯ ಕಡೆಯಿಂದ ಇಮಾಮನನ್ನು ಕರೆಸಿದರು. ಸಣಕಲು ಆಳು. ಕಣದ ಪಕ್ಕದಲ್ಲಿ ದನ ಕಟ್ಟುವ ಗೋದಲಿಮನೆಯಲ್ಲಿ ಕೂತು ಹಿಂಜುವ ಬಿಲ್ಲು ಮೀಟುತ್ತಿದ್ದ. ಬಿಲ್ಲಿನ ನಾದಕ್ಕೆ ತನ್ನ ಪಾಡಿಗೆ ತಾನು ಗುನುಗಿಕೊಳ್ಳುತ್ತಿದ್ದ. ಒಂದು ಸಂಜೆ ನಾನು ಕಣದಲ್ಲಿ ಕಾಡಿಗೆ ಹೊರಡುವ ಪದ ಎತ್ತಿದ್ದೇನೆ, ಗೋದಲಿಮನೆಯಿಂದ ಅದೇ ಪದ ನನಗಿಂತ ಒಂದು ಎಳೆ ಮೇಲೆ ಕೇಳಿ ಬಂತು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ಅವನು ನಿಲ್ಲಿಸಲಿಲ್ಲ, ತಾಲೀಮು ನಿಂತದ್ದು ಅವನಿಗೆ ಗೊತ್ತಿರಲಿಲ್ಲ.

"ಯಾರಪ್ಪಾ ಅದು? ಈಚೆ ಬಾ," ಎಂದರು ಮೇಷ್ಟ್ರು.

ಮೈತುಂಬ ಅರಳೆಯ ಎಳೆ ಅಂಟಿಸಿಕೊಂಡು ಇಮಾಮ ಬಂದು ನಿಂತ. "ತಪ್ಪಾತ್ರೀ ಸಾಮೇರ. ದಿನಾ ಕೇಳಿ ಕೇಳಿ ಬಾಯಿಗೆ ಬಂದುಬಿಡ್ತು."

"ತಪ್ಪಲ್ಲೋ ಮಾರಾಯ. ಮೊದಲಿಂದ ಹಾಡು."

ಹಾಡಿದ. ಕಣದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದವರು ಜಗಿಯುವುದನ್ನು ಬಿಟ್ಟರು. ನನ್ನ ಗೆಳೆಯ, ರಾಜನ ಪಾತ್ರದ ಬಸಣ್ಣ, ನನ್ನ ಹಾಡಿಗೆ ಯಾವತ್ತೂ ಆಕಳಿಸುವವನು, ಬಾಯಿ ತೆರೆದುಕೊಂಡು ಕೂತಿದ್ದ. ನನ್ನ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದು ಇಟ್ಟಂತಾಯಿತು. ಆ ದನಿ ಚೆನ್ನಾಗಿತ್ತು. ಚೆನ್ನಾಗಿಲ್ಲ ಎನ್ನಲು ನನಗೆ ಒಂದು ಕಾರಣವೂ ಸಿಗಲಿಲ್ಲ, ಅದೇ ಉರಿ.

ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸಿದ್ದಣ್ಣಾ, ನೀನು ಸುಮಾರು ವರ್ಷ ಮಾಡೀಯ. ಈ ಸಲ ಹಿರೇರಾಣಿ ನಿಂದು. ಅದಕ್ಕೆ ಮೈಯಿ ಬೇಕು, ಗತ್ತು ಬೇಕು, ನಿಂಗೆ ಐತೆ," ಎಂದರು. ಮೈಯಿ ಐತಂತೆ! ದಪ್ಪಗಾಗಿದ್ದೀಯ ಎಂದು ನೇರವಾಗಿ ಹೇಳಬಾರದಿತ್ತೆ.

ನಾನೂ ಬಿಡಲಿಲ್ಲ, ಕಟ್ಟಳೆ ತೆಗೆದೆ. "ಕೆರೀಗೆ ಇಳೀದೋನಿಗೆ ಪಾತ್ರ ಇಲ್ಲ ಅಂತ ಹಿರೇರು ಮಾಡ್ಯಾರಲ್ಲ, ಮರೆತ್ರಾ? ಇವನು ನೆಳ್ಳಾಗೆ ಕುಂತು ಅರಳೆ ಹಿಂಜ್ತಾನೆ. ನಾವು ಬಿಸಿಲಾಗೆ ಸಾಯ್ತೀವಿ."

ಗೌಡರು ತಲೆ ಕೆರೆದುಕೊಂಡರು. ಮಾತು ನ್ಯಾಯವಾದದ್ದೇ. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಇಮಾಮ, "ಅಣ್ಣ ಹೇಳೋದು ಸರಿ ಐತ್ರೀ. ನಾಳಿಂದ ಹೊತ್ತು ಏರೋತನಕ ನಾನೂ ಗೋಡು ತುಂಬಾಕೆ ಬರ್ತೀನಿ. ಆಮ್ಯಾಲೆ ಅರಳೆ," ಎಂದ. ಗೌಡರು ಹಗುರಾಗಿ, "ಆತು ಬಿಡಪ್ಪ. ಸಿದ್ದಣ್ಣನ ಗಾಡಿಗೆ ಆಳಿಲ್ಲ, ಅದಕ್ಕೇ ಹೋಗು," ಎಂದರು. ನಾನೇ ತೋಡಿದ ಗುಂಡಿ ಅದು. ಬಿದ್ದೆ.

ಮರುದಿನದಿಂದ ಇಮಾಮ ನನ್ನ ಗಾಡಿಗೆ ಗೋಡು ತುಂಬತೊಡಗಿದ. ಸಲಿಕೆ ಹಿಡಿದು ಗೊತ್ತಿಲ್ಲದವನು, ಕೈಯೆಲ್ಲ ಬೊಬ್ಬೆ. ಆದರೂ ಹಾಡು ನಿಲ್ಲದು. ಅಕ್ಕಪಕ್ಕದ ಗಾಡಿಯವರು ಎತ್ತು ನಿಲ್ಲಿಸಿಕೊಂಡು ಕೇಳುತ್ತಿದ್ದರು. ನನ್ನ ಎತ್ತುಗಳೋ, ನಾನು ಚಾಟಿ ಬೀಸಿದರೂ ಕದಲದವು, ಅವನು "ಹೋಗ್ರಪ್ಪಾ" ಎಂದು ಮೆತ್ತಗೆ ತಟ್ಟಿದರೆ ಹೊರಡುತ್ತಿದ್ದವು. ನಮ್ಮಲ್ಲಿ ಗಾಡಿ ತುಂಬುವವನಿಗೆ ಗಾಡಿಯವನ ಮನೆಯಿಂದಲೇ ಬುತ್ತಿ. ಹಾಲಮ್ಮ ಬಿಸಿಲೇರುವ ಹೊತ್ತಿಗೆ ಜೋಳದ ರೊಟ್ಟಿ, ಹುಚ್ಚೆಳ್ಳು ಪುಡಿ, ಮಜ್ಜಿಗೆ ತಲೆಯ ಮೇಲಿಟ್ಟುಕೊಂಡು ಕೆರೆಯ ಏರಿ ಇಳಿದು ಬರುತ್ತಿದ್ದಳು. ಹೊಂಗೆಮರದ ಕೆಳಗೆ ಕೂತು ಇಬ್ಬರಿಗೂ ಬಡಿಸುತ್ತಿದ್ದಳು. ನಾನು ಇಮಾಮನನ್ನೇ ದುರುಗುಟ್ಟಿ ನೋಡುತ್ತಾ ಉಣ್ಣುತ್ತಿದ್ದೆ. ಎಷ್ಟು ರೊಟ್ಟಿ ತಿಂದ, ಎಷ್ಟು ಮಜ್ಜಿಗೆ ಹಾಕಿಸಿಕೊಂಡ, ಎಲ್ಲ ನೋಡುತ್ತಿದ್ದೆ. ಅವನ ಗಂಟಲಲ್ಲಿ ಅಂಥದ್ದೇನಿದೆ ಎಂದು ನೀರು ಕುಡಿಯುವಾಗ ಅದು ಏರಿ ಇಳಿಯುವುದನ್ನೂ ನೋಡುತ್ತಿದ್ದೆ.

ಒಂದು ದಿನ ಅವನು, "ಅಣ್ಣಾ, ಹಾಡೇನೋ ಹಾಡ್ತೀನಿ. ರಾಣಿ ಹೆಂಗೆ ಕುಂದರ್ತಾಳೆ, ಹೆಂಗೆ ಏಳ್ತಾಳೆ ಒಂದೀಟು ತೋರ್ಸಣ್ಣಾ. ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ ಅಂತ ಎಲ್ರೂ ಅಂತಾರೆ," ಎಂದ. ಮರ್ಯಾದೆಯಿಂದಲೇ ಕೇಳಿದ. ನನಗೆ ಮೈ ಉರಿದುಹೋಯಿತು. ನನ್ನ ಪಾತ್ರ ಕಿತ್ತುಕೊಂಡವನಿಗೆ ನಾನೇ ಗುರುವಾಗಬೇಕೆ! "ಕಣ್ಣಿಲ್ವೇನಲೇ ನಿಂಗೆ? ಹೆಣ್ಮಕ್ಕಳು ಎಲ್ಲಾ ಕಡಿ ಅದಾರೆ. ನೋಡ್ಕಂಡು ಕಲಿ," ಎಂದು ಸಿಡುಕಿ ಎದ್ದು ಹೋದೆ. ಅವನು "ಆತಣ್ಣಾ" ಎಂದು ತಲೆಯಾಡಿಸಿದ.

ಮನೆಗೆ ಬಂದರೆ ಅಲ್ಲೂ ನೆಮ್ಮದಿ ಇಲ್ಲ. ಹಾಲಮ್ಮ ರೊಟ್ಟಿ ಬಡಿಯುತ್ತಾ ಕಾಡಿನ ಪದ ಗುನುಗುತ್ತಿದ್ದಳು. ಇಷ್ಟು ವರ್ಷ ನನ್ನ ಬಾಯಿಂದ ಕೇಳಿದ ಪದವನ್ನು ಅವಳು ಗುನುಗಿದ್ದು ಅದೇ ಮೊದಲು, ಅದೂ ಇಮಾಮ ಎಳೆಯುವಂತೆ ಕೊನೆಯ ಅಕ್ಷರ ಎಳೆದು.

"ಯಾರ ಪದ ಅದು?" ಎಂದೆ.

"ಯಾರ ಪದ ಅಂದ್ರೆ? ಮೇಷ್ಟ್ರು ಪದ."

"ಅವನಂಗೆ ಎಳೀತಿದ್ದೀಯಲ್ಲ."

"ಕಿವೀಗೆ ಬಿದ್ದಂಗೆ ಹಾಡ್ತೀನಿ. ನಿಮಗ್ಯಾಕೆ ಇಷ್ಟು ಸಿಟ್ಟು? ಏಳ್ರಿ, ಉಣ್ರಿ," ಎಂದು ರೊಟ್ಟಿ ತಿರುವಿ ಹಾಕಿದಳು. ಉಣ್ಣುವ ಹೊತ್ತಿಗೆ ನಾನು ಮತ್ತೆ ಇಮಾಮನ ಮಾತೇ ತೆಗೆದೆ. ಅವನ ಉಚ್ಚಾರ ಸರಿಯಿಲ್ಲ, ತಾಳಕ್ಕೆ ಕಾಲು ಕೂಡುವುದಿಲ್ಲ, ಸೀರೆ ಉಟ್ಟರೆ ಬಿದಿರು ಗಳಕ್ಕೆ ಬಟ್ಟೆ ಹಾಕಿದಂತೆ ಕಾಣುತ್ತಾನೆ. ಹಾಲಮ್ಮ ಹೂಂ ಎನ್ನುತ್ತಾ ಕೂತಿದ್ದಳು. ಹಾಸಿಗೆಯ ಮೇಲೂ ಅದೇ ಮಾತು. ಅವಳು ನಿದ್ದೆಹೋದದ್ದೂ ನನಗೆ ಗೊತ್ತಾಗುತ್ತಿರಲಿಲ್ಲ.

ನಾನೊಂದು ಹಟ ಹೂಡಿದೆ. ಮೀಸೆ ಬಿಟ್ಟೆ. ಮೀಸೆಯ ಹಿರಿರಾಣಿಯನ್ನು ಹೇಗೆ ಕುಣಿಸುತ್ತಾರೋ ನೋಡೋಣ, ಕೊನೆಗೆ ನನ್ನ ಕಾಲಿಗೇ ಬಂದು ಬೀಳುತ್ತಾರೆ ಎಂದು ಲೆಕ್ಕ. ತಾಲೀಮಿಗೆ ಹೋಗಿ ಮೇಲ್ತುಟಿ ಕಾಣುವಂತೆ ಮುಖ ಎತ್ತಿಕೊಂಡು ಕೂತೆ. ಯಾರೂ ಬೇಡಿಕೊಳ್ಳಲಿಲ್ಲ. ಅಪ್ಪ ಮಾತ್ರ ಎಷ್ಟೋ ವರ್ಷದ ಮೇಲೆ ಊಟದ ಹೊತ್ತಿಗೆ ನನ್ನತ್ತ ತಿರುಗಿ, "ತುಪ್ಪ ಹಾಕ್ಸ್ಕೋ," ಎಂದ. ಕಡೆಗೆ ಬಸಣ್ಣ ನಗುತ್ತಾ, "ನ್ಯಾಮತಿ ಕಡೆಯಿಂದ ಇನ್ನೊಬ್ಬ ಪಿಂಜಾರನ್ನ ಕರೆಸಾಕೆ ಗೌಡ್ರು ಹೇಳ್ಯಾರೆ ನೋಡಪ್ಪ," ಎಂದ. ತಮಾಷೆಗೇ ಅಂದದ್ದು. ನಾನು ಆ ಮಧ್ಯಾಹ್ನವೇ ಬಾವಿಕಟ್ಟೆಗೆ ಹೋಗಿ ಕತ್ತಿ ಮಸೆದು ಬೋಳಿಸಿಕೊಂಡೆ. ಅವಸರಕ್ಕೆ ತುಟಿ ಕುಯ್ದುಕೊಂಡೆ.

ಸೀಮೆಎಣ್ಣೆ ಇಲ್ಲದ್ದಕ್ಕೆ ಗ್ಯಾಸ್‌ಲೈಟು ಹಚ್ಚುವಂತಿರಲಿಲ್ಲ. ಪಂಜಿನ ಬೆಳಕಿನಲ್ಲಿ ಆಡೋಣವೆಂದರೆ ಹರಳೆಣ್ಣೆಯೂ ಸಾಲದು. ಹಾಗಾಗಿ ಹಿಂದೆಂದೂ ಇಲ್ಲದಂತೆ ಆ ವರ್ಷ ಆಟವನ್ನು ಹಗಲಿಗೆ ಇಟ್ಟರು. ಬೆಳಗಿನ ಬಿಸಿಲಿಗೆ ಶುರು, ಬುತ್ತಿಯ ಹೊತ್ತಿಗೆ ಮುಗಿಯಬೇಕು. ಆಟಕ್ಕೆಂದು ಕಟ್ಟಿದ ಅಟ್ಟದ ಮೇಲೆ ಹೊಂಗೆ ಸೊಪ್ಪಿನ ಚಪ್ಪರ ಹಾಕಿದರು.

ಆಟದ ಹಿಂದಿನ ದಿನ ಮೇಷ್ಟ್ರು ನಮ್ಮ ಮನೆಗೇ ಬಂದು ಹಾಲಮ್ಮನ ಮುಂದೆ ನಿಂತರು. "ತಾಯೀ, ಕಿರೀರಾಣೀದು ಡಾಬು..."

"ಕೊಡಂಗಿಲ್ಲ!" ನಾನು ಒಳಗಿನಿಂದಲೇ ಕೂಗಿದೆ. "ಡಾಬು ನಮ್ಮದು."

ಹಾಲಮ್ಮ ನನ್ನ ಕಡೆ ನೋಡಲಿಲ್ಲ. "ಡಾಬು ನಮ್ಮ ತವರಿಂದು," ಎಂದಳು. "ನಾನು ಕಟ್ಟೋದು ರಾಣೀಗೆ. ರಾಣಿ ಯಾರು ಅಂತ ಮಾಡೋರು ನೀವು ಸಾಮೇರ. ಬೆಳಿಗ್ಗೆ ತರ್ತೀನಿ."

ನಾನು ಆ ಸಂಜೆ ಉಣ್ಣಲಿಲ್ಲ. ಅವಳೂ ಏಳಿ ಎನ್ನಲಿಲ್ಲ.

ಬೆಳಿಗ್ಗೆ ಪಾತ್ರದವರನ್ನು ಗಾಡಿಯಲ್ಲಿ ಕೂರಿಸಿ ಊರು ಸುತ್ತಿಸಿದರು. ನನ್ನದೇ ಗಾಡಿ, ನನ್ನವೇ ಎತ್ತು, ಕೊಂಬಿಗೆ ನಾನೇ ಬಣ್ಣ ಬಳಿದದ್ದು. ಮುಂದೆ ಕೂತವನು ಇಮಾಮ, ಸೊಂಟದಲ್ಲಿ ಡಾಬು. ಹಿಂದಿನ ಹಲಗೆಯ ಮೇಲೆ ನಾನು. ಮುಖದ ಅರದಾಳ ಬಿಸಿಲಿಗೆ ಕರಗಿ ಬಾಯಿಗೆ ಇಳಿಯುತ್ತಿತ್ತು. ಮುದುಕಿಯರು ಇಮಾಮನಿಗೆ ಲಟಿಕೆ ಮುರಿದು ದೃಷ್ಟಿ ತೆಗೆದರು. ನನ್ನನ್ನು ಕಂಡು ಒಬ್ಬಳು, "ಇವನ್ಯಾಕೆ ಹಿಂದೆ ಕುಂತಾನೆ?" ಎಂದಳು. ಇನ್ನೊಬ್ಬಳು, "ಸವತಿ ಕಣೇ," ಎಂದಳು.

ಆಟ ಸುಮಾರಾಗಿ ನಡೆದು ಹಿರಿರಾಣಿ ಕಿರಿಯವಳನ್ನು ಅರಮನೆಯಿಂದ ಹೊರಗೆ ಹಾಕುವ ಜಾಗಕ್ಕೆ ಬಂತು. ನಾನು ಬಂದು ಡಾಬು ಕಿತ್ತುಕೊಳ್ಳಬೇಕು, ಅವಳು ನೆಲದ ಮೇಲೆ ಕೂತು ಹಾಡಬೇಕು. ನಾನು ಗೆಜ್ಜೆ ಬಡಿಯುತ್ತಾ ಒಳಗೆ ಬರುವ ಹೊತ್ತಿಗೆ ಇಮಾಮ ಆಗಲೇ ಕೂತಿದ್ದ. ಎಡಗೈ ನೆಲಕ್ಕೆ ಊರಿ, ಒಂದು ಮಂಡಿ ಮಡಚಿ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಲಗೈಯ ಹಿಂಭಾಗದಿಂದ ಹಣೆಯ ಕೂದಲು ತಳ್ಳಿಕೊಂಡ. ನಾನು ಎಂದೂ ಹಾಗೆ ಕೂತವನಲ್ಲ, ಮೇಷ್ಟ್ರೂ ಹಾಗೆ ಕಲಿಸಿರಲಿಲ್ಲ. ಎಲ್ಲಿ ಕಲಿತ ಇವನು ಎಂದು ನಾನು ಹುಬ್ಬುಗಂಟಿಕ್ಕಿದ್ದೇನೆ, ಹೆಂಗಸರು ಕೂತ ಕಡೆ ಕಿಸಕ್ಕೆಂದು ನಗು ಹರಿಯಿತು. ಒಬ್ಬಳು ಇನ್ನೊಬ್ಬಳ ಭುಜ ತಿವಿದಳು. ಎಲ್ಲರೂ ಒಂದೇ ಕಡೆ ತಿರುಗಿ ನೋಡಿದರು. ನಾನೂ ನೋಡಿದೆ. ಅಲ್ಲಿ ಹಾಲಮ್ಮ, ಎಡಗೈ ನೆಲಕ್ಕೆ ಊರಿ, ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದಳು.

ಹೊಂಗೆಮರದ ಕೆಳಗೆ ರೊಟ್ಟಿ ಬಡಿಸುತ್ತಾ ಅವಳು ಹಾಗೆಯೇ ಕೂತಿರುತ್ತಿದ್ದಳು. ಊರಿಗೆಲ್ಲ ಒಂದೇ ನೋಟಕ್ಕೆ ಗೊತ್ತಾಯಿತು. ಗಂಡನಾದ ನನಗೆ ಜನ ನಕ್ಕ ಮೇಲೆ ಗೊತ್ತಾಯಿತು.

ಆಮೇಲೆ ನಾನು ಆಡಿದ್ದು ಆಟವಲ್ಲ. ಹಗಲು ಬೆಳಕಿನಲ್ಲಿ ನನ್ನ ಕಣ್ಣು ಎಲ್ಲರಿಗೂ ಕಾಣುತ್ತಿತ್ತು. ಮೇಷ್ಟ್ರು ಬರೆದುಕೊಟ್ಟ ಮಾತು ಬಿಟ್ಟು ಬಾಯಿಗೆ ಬಂದದ್ದು ಬೈದೆ. ನೀನು ನನ್ನ ಜಾಗ ಕಿತ್ತುಕೊಂಡೆ, ಮನೆಯೊಳಗೆ ನುಗ್ಗಿದೆ, ಅನ್ನ ಉಂಡ ಎಲೆಗೇ ಕಣ್ಣು ಹಾಕಿದೆ, ಎಂದೆಲ್ಲ ಕಿರುಚಿ ಡಾಬಿಗೆ ಕೈ ಹಾಕಿ ಎಳೆದೆ. ಇಮಾಮ ನನ್ನ ಮುಖ ನೋಡಿ ನಿಜವಾಗಿ ಹೆದರಿದ. ಕಣ್ಣಲ್ಲಿ ಬಳಬಳನೆ ನೀರು ಬಂತು. ಆ ನೀರಿನಲ್ಲೇ ಪದ ಎತ್ತಿದ. ಅಯ್ಯೋ, ಆ ಪದ! ನಾನು ಅಷ್ಟು ವರ್ಷ ಹಾಡಿದ್ದು ಪದವೇ ಅಲ್ಲ ಎನ್ನುವ ಹಾಗೆ ಹಾಡಿಬಿಟ್ಟ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಗೌಡರು ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡರು. ಒಬ್ಬ ಮುದುಕಿ ಎದ್ದುನಿಂತು, "ನಿನ್ನ ಮನೆ ಹಾಳಾಗ, ಬಿಡೇ ಅವಳನ್ನ!" ಎಂದು ಹಿಡಿಮಣ್ಣು ತೂರಿದಳು. ಅದು ನನ್ನ ಎದೆಗೆ ಬಿತ್ತು.

ಆಟ ಮುಗಿದ ಮೇಲೆ ಊರೆಲ್ಲ ಇಮಾಮನನ್ನು ಮುತ್ತಿಕೊಂಡಿತು. ಮೇಷ್ಟ್ರು ನನ್ನ ಹತ್ತಿರ ಬಂದು, "ಸಿದ್ದಣ್ಣಾ, ಏನು ಆಡಿದ್ಯೋ! ನೀನು ಹಂಗೆ ಮೈಮ್ಯಾಲೆ ಬಿದ್ದಿದ್ದಕ್ಕೇ ಅವನು ಹಂಗೆ ಅತ್ತಿದ್ದು," ಎಂದರು. ಹೊಗಳಿಕೆಯೆಂದೇ ಹೇಳಿದರು. ನನ್ನ ಉರಿಯೆಲ್ಲ ಹೋಗಿ ಅವನ ಹಾಡಿಗೆ ಎಣ್ಣೆಯಾಯಿತಲ್ಲ ಎಂದು ನನಗೆ ಅಟ್ಟದ ಕಂಬಕ್ಕೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಮನೆಗೆ ಬಂದು ಪಡಸಾಲೆಯಲ್ಲಿ ಕೂತೆ. ಹಾಲಮ್ಮ ಹಿಂದೆಯೇ ಬಂದಳು. ಒಂದು ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದು, ನನ್ನ ಮುಂದೆ ಕೂತು, ಮುಖದ ಬಣ್ಣ ತೆಗೆಯಲು ಶುರುಮಾಡಿದಳು. ಪ್ರತಿವರ್ಷ ನಾನೇ ಬಾವಿಗೆ ಹೋಗಿ ತೊಳೆದುಕೊಳ್ಳುತ್ತಿದ್ದೆ. ಅವತ್ತು ಅವಳು ಬಿಡಲಿಲ್ಲ.

"ಅವನು ನಿನ್ನಂಗೆ ಕುಂತ," ಎಂದೆ.

"ಕಂಡೆ."

"ನೀನು ಕಲಿಸಿದ್ಯಾ?"

ಅವಳ ಕೈ ನಿಂತಿತು. "ನಾನ್ಯಾಕೆ ಕಲಿಸ್ಲಿ? ನೋಡ್ಕಂಡು ಕಲಿ ಅಂತ ನೀವೇ ಅಂದ್ರಂತೆ. ಕೆರೆಯಾಗೆ ದಿನಾ ನಾನು ಬುತ್ತಿ ಬಡಿಸ್ತಿದ್ದೆನಲ್ಲ, ನೋಡ್ಯಾನೆ." ಮತ್ತೆ ಎಣ್ಣೆ ಅದ್ದಿ ನನ್ನ ಕೆನ್ನೆಗೆ ಹಚ್ಚಿದಳು. "ನೀವೂ ಇಷ್ಟು ವರ್ಷ ರಾಣಿ ಆಡಿದ್ರಿ. ಒಂದು ಸಲಾನೂ ನನ್ನಂಗೆ ಕುಂದರ್ಲಿಲ್ಲ."

ನಾನು ತುಟಿಗೆ ಇಳಿದ ಎಣ್ಣೆಯನ್ನು ಒರೆಸಿಕೊಂಡೆ.

"ಊರೋರೆಲ್ಲ ಅವನ ಪದಕ್ಕೆ ಅತ್ರು. ನಾನು ಅಳ್ಳಿಲ್ಲ," ಎಂದಳು ಹಾಲಮ್ಮ. "ನಂಗೆ ಅವನ ಮ್ಯಾಲೆ ಹೊಟ್ಟೆಕಿಚ್ಚಾತು. ಈ ಬ್ಯಾಸಿಗೆ ಪೂರ್ತಿ ಅವನ್ನೇ ನೋಡಿದ್ರಿ. ಉಣ್ಣಾಗ ಅವನ ಮಾತು, ಮಲಗಾಗ ಅವನ ಮಾತು. ಅಟ್ಟದ ಮ್ಯಾಲೆ ಅವನ ಕಡೆ ಹೆಂಗೆ ನೋಡಿದ್ರಿ! ಜೀವ ಎಲ್ಲಾ ಕಣ್ಣಿಗೆ ತಂದ್ಕಂಡು. ಮದುವ್ಯಾದಾಗಿಂದ ಒಂದಿನ, ಸಿಟ್ಟಿಗಾದ್ರೂ, ನನ್ನ ಹಂಗೆ ನೋಡಿದ್ರೇನ್ರಿ?"

ಅವಳ ಮುಖ ನನ್ನ ಮುಖಕ್ಕೆ ಗೇಣು ದೂರದಲ್ಲಿತ್ತು. ಎಡಹುಬ್ಬಿನ ಪಕ್ಕದಲ್ಲಿ ಸಣ್ಣ ಕಲೆಯೊಂದಿತ್ತು. ಅದು ಯಾವಾಗ ಆದದ್ದು ಎಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಸಣ್ಣ ಕೂಗಿದ: "ಸಿದ್ದಣ್ಣಾ, ಗಾದಿ ಕೆಲಸ ಮುಗೀತಂತೆ, ಇಮಾಮ ಹೊಂಟ! ನಿಂಗೊಂದು ಮಾತು ಹೇಳಿ ಹೋಗ್ತಾನಂತೆ, ಬಾರೋ!" ಬೀದಿಯಲ್ಲಿ ಜನ ಅವನನ್ನು ಕಳಿಸಲು ಗೌಜು ಮಾಡುತ್ತಿದ್ದರು. ಹಾಲಮ್ಮ ನನ್ನ ಗಲ್ಲ ಹಿಡಿದು ಕಣ್ಣಿನ ಸುತ್ತ ಎಣ್ಣೆ ತೀಡುತ್ತಿದ್ದಳು. ಬಸಣ್ಣ ಇನ್ನೊಮ್ಮೆ ಕೂಗಿದ. ನಾನು ಏಳಲಿಲ್ಲ. ಎದ್ದರೆ ಅವಳು ಕೈ ತೆಗೆಯುತ್ತಾಳೆ ಎಂದು ಭಯವಾಗಿತ್ತು.